ಪಕ್ಕದವರ ಅಂಗೈ

ಇವತ್ತು ಬೆಳಿಗ್ಗೆ ಒಂದು ಅಕ್ಕಿಕಾಳು ನನ್ನನ್ನು ಪೇಚಿಗೆ ಸಿಕ್ಕಿಸಿತು.

ಮಧ್ಯಾಹ್ನದ ಮೇಲೆ ನಾನೊಂದು ಭಾಷಣ ಮಾಡಬೇಕಾಗಿದೆ. ಭಾಷಣ ಅಂದರೆ ದೊಡ್ಡದೇನಲ್ಲ, ನಾಲ್ಕು ಮಾತು. ಆದರೆ ಆ ನಾಲ್ಕರಲ್ಲಿ ಮೊದಲನೆಯದೇ ಸಿಗದೆ, ತಿಂಡಿ ಮುಗಿದಾಗಿನಿಂದ ವರಾಂಡದಲ್ಲಿ ಶತಪಥ ಹಾಕುತ್ತಿದ್ದೆ. ನನ್ನ ಹೆಂಡತಿಗೆ ಮನೆಯಲ್ಲಿ ಸುಮ್ಮನೆ ಓಡಾಡುವ ಗಂಡಸರನ್ನು ಕಂಡರಾಗದು. ಮೊರದ ತುಂಬ ಅಕ್ಕಿ ತಂದು, ನನ್ನನ್ನು ಬೆಂಚಿನ ಮೇಲೆ ಕೂರಿಸಿ, ತೊಡೆಯ ಮೇಲೆ ಮೊರ ಇಟ್ಟಳು. ಕೂತುಕೊಂಡು ಯೋಚನೆ ಮಾಡಿದರೆ ಯೋಚನೆಯೂ ಬರುತ್ತದೆ, ಅಕ್ಕಿಯ ಕಲ್ಲೂ ಹೋಗುತ್ತದೆ ಎನ್ನುವುದು ಅವಳ ಲೆಕ್ಕ. ಯೋಚನೆ ಬರಲಿಲ್ಲ. ಕಲ್ಲು ಮಾತ್ರ ಚೆನ್ನಾಗಿ ಸಿಗುತ್ತಿತ್ತು.

ಹಾಗೆ ಆರಿಸುತ್ತಿರುವಾಗ ಒಂದು ಕಾಳು ಬೆರಳಿಗೆ ಬಂತು. ಅಕ್ಕಿಯೋ, ಬಿಳಿ ಕಲ್ಲೋ ಹೇಳಲು ಬಾರದು. ಉಜ್ಜಿ ನೋಡಿದೆ. ಕನ್ನಡಕ ಏರಿಸಿ ನೋಡಿದೆ, ಇಳಿಸಿ ನೋಡಿದೆ. ಹಲ್ಲಿಗೆ ಹಾಕಿ ಪರೀಕ್ಷೆ ಮಾಡುವಷ್ಟು ಹಲ್ಲು ಈಗ ನನ್ನ ಬಳಿ ಇಲ್ಲ. ಆಗ ನನಗೇ ಗೊತ್ತಿಲ್ಲದೆ ನನ್ನ ಬಲಗೈ ಎದೆಯ ಮುಂದಿನಿಂದ ಹಾದು ಎಡಗಡೆಗೆ ಚಾಚಿಕೊಂಡಿತು. ಎಡಗಡೆಯಲ್ಲಿ ಇದ್ದದ್ದು ಚಪ್ಪಲಿ ಸ್ಟ್ಯಾಂಡು. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಯಾರಿಗೆ ಕೊಡ್ತಾ ಇದೀರಿ ಅದನ್ನ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ ನಿಮ್ಮನ್ನು ಇಲ್ಲಿಂದ, ಅಂದರೆ ಮಾದಾಪುರದಿಂದ, ನೆಲ್ಯಹುದಿಕೇರಿಗೆ ಕರೆದುಕೊಂಡು ಹೋಗಬೇಕು. ಅವಸರವಿಲ್ಲ ತಾನೆ? ನನ್ನನ್ನು ಭಾಷಣಕ್ಕೆ ಕರೆದೊಯ್ಯುವ ಜೀಪು ಬರುವುದು ಊಟದ ಹೊತ್ತಿಗೆ.

ನಾನು ವಯಸ್ಸಿನಲ್ಲಿ ಕಾಫಿ ಎಸ್ಟೇಟಿನ ರೈಟರ್ ಆಗಿದ್ದವನು. ಹಾಜರಿ ಹಾಕುವುದು, ಪಿಕ್ಕಿಂಗಿಗೆ ಆಳು ಹಂಚುವುದು, ಮಳೆ ಎಷ್ಟು ಬಂತು ಎಂದು ಬರೆಯುವುದು. ಆಮೇಲೆ ಸುತ್ತಮುತ್ತಲಿನ ಬೆಳೆಗಾರರೆಲ್ಲ ಸೇರಿ ನೆಲ್ಯಹುದಿಕೇರಿಯಲ್ಲಿ, ಹೊಳೆಗೆ ಸ್ವಲ್ಪ ಮೇಲೆ, ಕಾಫಿ ಬೀಜ ಆರಿಸುವ ಒಂದು ಶೆಡ್ ಶುರು ಮಾಡಿದರು. ಅಲ್ಲಿಗೆ ನನ್ನನ್ನು ಮ್ಯಾನೇಜರ್ ಮಾಡಿದರು. ಹೆಸರಿಗೆ ಮ್ಯಾನೇಜರ್, ಜನ ಕೊನೆಯವರೆಗೂ ಕರೆದದ್ದು ರೈಟ್ರೇ ಎಂದೇ. ನನ್ನ ಕನ್ನಡ ಹಾಸನದ ಕಡೆಯವರ ಹಾಗಿದೆ ಎಂದು ಅಲ್ಲಿಯವರಿಗೆಲ್ಲ ತಮಾಷೆ. ನಾನು 'ಆಗುತ್ತೆ' ಎಂದರೆ ಅವರು 'ಆಗ್ತದೆ' ಎಂದು ತಿದ್ದುತ್ತಿದ್ದರು. ಆಗುವುದು ಮಾತ್ರ ಎರಡರಲ್ಲೂ ಒಂದೇ ಇರುತ್ತಿತ್ತು, ಅಂದರೆ ಆಗುತ್ತಿರಲಿಲ್ಲ.

ಕಾಫಿಯ ಸಿಪ್ಪೆಯನ್ನು ಮಿಷನ್ನು ತೆಗೆಯುತ್ತದೆ. ಗಾತ್ರ ನೋಡಿ ಬೇರೆ ಮಾಡುವುದನ್ನೂ ಮಿಷನ್ನು ಮಾಡುತ್ತದೆ. ಕೊನೆಯಲ್ಲಿ ಕಪ್ಪು ಬೀಜ, ತುಂಡು ಬೀಜ, ಹುಳು ಹಿಡಿದ ಬೀಜ ಇವನ್ನೆಲ್ಲ ತೆಗೆದು ಒಳ್ಳೆಯದನ್ನು ಉಳಿಸುವುದು ನಮ್ಮ ಶೆಡ್ಡಿನಲ್ಲಿ ಹೆಂಗಸರ ಕೈಯ ಕೆಲಸ. ಸಿಮೆಂಟು ನೆಲದ ಮೇಲೆ ರಾಶಿ ಸುರಿಯುವುದು, ಸುತ್ತ ಅವರು ಕೂರುವುದು. ಒಬ್ಬಳದು ಮಲಯಾಳ, ಒಬ್ಬಳದು ತಮಿಳು, ಒಬ್ಬಳದು ತುಳು, ಎಲ್ಲರಿಗಿಂತ ಹಿರಿಯಳಾದ ಜಾನಕಕ್ಕನದು ಅರೆಭಾಷೆ. ಬೈಯುವುದಕ್ಕೆ ಮಾತ್ರ ಎಲ್ಲರೂ ಕನ್ನಡ ಬಳಸುತ್ತಿದ್ದರು, ಎಲ್ಲರಿಗೂ ಅರ್ಥವಾಗಲಿ ಎಂದು. ಗಲಾಟೆ ಅಂದರೆ ಗಲಾಟೆ. ಫೋನಿನಲ್ಲಿ ಮಾತಾಡಬೇಕಾದರೆ ನಾನು ಹೊರಗೆ ಹೋಗಿ ಹಲಸಿನ ಮರದ ಕೆಳಗೆ ನಿಲ್ಲಬೇಕಿತ್ತು.

ನಮ್ಮ ಪ್ರೆಸಿಡೆಂಟರು ಬೋಪಯ್ಯನವರು. ಒಳ್ಳೆಯ ಬೆಳೆಗಾರರು, ಮನಸ್ಸು ಅದಕ್ಕಿಂತ ಒಳ್ಳೆಯದು. ಅವರಲ್ಲಿ ಒಂದೇ ಒಂದು ವಿಶೇಷ. ಯಾರು ಏನು ಕೇಳಿದರೂ ಅವರು ಉತ್ತರ ಕೊಡದೆ ಬಿಟ್ಟವರಲ್ಲ. ಮೆಣಸಿನ ಬಳ್ಳಿಗೆ ಬರುವ ರೋಗದಿಂದ ಹಿಡಿದು ನಿಮ್ಮ ಮಗಳಿಗೆ ಎಂಥ ಗಂಡು ನೋಡಬೇಕು ಎನ್ನುವವರೆಗೆ ಅವರ ಹತ್ತಿರ ಉತ್ತರ ತಯಾರಿರುತ್ತಿತ್ತು. ಹಾಗಾಗಿ ಕಮಿಟಿಯಲ್ಲಿ ಉಳಿದವರಿಗೆ ಕೆಲಸವೇ ಇರಲಿಲ್ಲ. ಅವರು ಹೇಳುತ್ತಿದ್ದರು, ಉಳಿದವರು ಆಗಲಿ ಎನ್ನುತ್ತಿದ್ದರು, ನಾನು ಬೋಂಡ ತರಿಸುತ್ತಿದ್ದೆ. ಮೀಟಿಂಗು ಮುಗಿದು ಜೀಪಿನ ಹತ್ತಿರ ನಿಂತಾಗಲೇ ಎಲ್ಲರಿಗೂ ಬಾಯಿ ಬರುತ್ತಿದ್ದದ್ದು.

ಒಂದು ಸಲ ಬೋಪಯ್ಯನವರು ಶೆಡ್ಡಿಗೆ ಬಂದಾಗ ಜಾನಕಕ್ಕ ನೆಲಕ್ಕೆ ಕೈಯೂರಿ ಏಳಲು ಒದ್ದಾಡುತ್ತಿದ್ದದ್ದನ್ನು ಕಂಡರು. ಮುಖ ಕೆಂಪಾಯಿತು. ಈ ಕಾಲದಲ್ಲೂ ಹೆಂಗಸರನ್ನು ನೆಲದಲ್ಲಿ ಕೂರಿಸಿ ದುಡಿಸುವುದು ನಾಚಿಕೆಗೇಡು, ಇನ್ನು ಮೇಲೆ ಪ್ರತಿಯೊಬ್ಬರಿಗೂ ಮೇಜು, ಪ್ರತಿಯೊಬ್ಬರಿಗೂ ಕುರ್ಚಿ ಎಂದು ಅಲ್ಲೇ ಘೋಷಣೆ ಮಾಡಿದರು. ನನಗೂ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಮೈಸೂರಿಗೆ ಹೋಗಿ ಮೇಜುಗಳನ್ನು ತಂದವನು ನಾನೇ. ಬಿಳಿ ಹಲಗೆ, ಪ್ರತಿ ಮೇಜಿಗೊಂದು ದೀಪ, ಮೂಲೆಯಲ್ಲಿ ಒಂದು ನಂಬರು. ಪರೀಕ್ಷೆಯ ಹಾಲಿನ ಹಾಗೆ ಸಾಲುಸಾಲಾಗಿ, ನಡುವೆ ಸೂಪರ್‌ವೈಸರ್ ನಡೆದಾಡಲು ಜಾಗ ಬಿಟ್ಟು ಜೋಡಿಸಿದೆ. ಜಾನಕಕ್ಕ ಕುರ್ಚಿಯಲ್ಲಿ ಕೂತು, ಎದ್ದು, ಮತ್ತೆ ಕೂತು ನೋಡಿ ನಕ್ಕಳು. ಆ ದಿನ ನಾನು ಮನೆಗೆ ಬಂದು ಮಾಡಿದ ಜಂಬಕ್ಕೆ ನನ್ನ ಹೆಂಡತಿ ಇವತ್ತಿಗೂ ಸಾಕ್ಷಿ.

ಶೆಡ್ಡು ತಣ್ಣಗಾಯಿತು. ಯಾರೂ ಮಾತಾಡುತ್ತಿರಲಿಲ್ಲ. ಶಿಸ್ತು ಎಂದರೆ ಇದಪ್ಪಾ ಎಂದು ನಾನು ಒಳಗೆ ಕೂತೇ ಫೋನು ಮಾಡತೊಡಗಿದೆ. ಬಂದವರೆಲ್ಲ ಆಸ್ಪತ್ರೆಯ ಹಾಗೆ ಕ್ಲೀನಾಗಿದೆ ಎಂದು ಹೊಗಳಿ ಹೋಗುತ್ತಿದ್ದರು.

ಆಮೇಲೆ ಮಂಗಳೂರಿನ ಖರೀದಿದಾರರು ಒಂದು ಲೋಡನ್ನು ವಾಪಸು ಕಳಿಸಿದರು. ಒಳ್ಳೆಯ ಬೀಜದ ಚೀಲದಲ್ಲಿ ಕಪ್ಪು ಬೀಜ ಇದೆ ಎಂದು ದೂರು. ಇರಲಿ, ಒಂದು ಸಲ ಆಗುತ್ತದೆ ಎಂದುಕೊಂಡೆವು. ಎರಡನೆಯದೂ ವಾಪಸು ಬಂತು. ನಮ್ಮಲ್ಲಿ ಕೆಟ್ಟದ್ದೆಂದು ಬದಿಗೆ ಹಾಕಿದ್ದ ಚೀಲ ಬಿಚ್ಚಿ ನೋಡಿದರೆ ಅದರ ತುಂಬ ಬಂಗಾರದಂಥ ಬೀಜ. ಅತ್ತ ಕೆಟ್ಟದ್ದು ಒಳಗೆ ಹೋಗುತ್ತಿದೆ, ಇತ್ತ ಒಳ್ಳೆಯದು ಹೊರಗೆ ಹೋಗುತ್ತಿದೆ. ಅದೇ ಹೆಂಗಸರು, ಅದೇ ಕೈ. ನನಗೆ ತಲೆ ಕೆಟ್ಟುಹೋಯಿತು. ಬೋಪಯ್ಯನವರ ಹತ್ತಿರ ಉತ್ತರ ಇದ್ದೇ ಇತ್ತು: ಕಣ್ಣು. ಡಾಕ್ಟರನ್ನು ಕರೆಸಿ ಎಲ್ಲರ ಕಣ್ಣು ತೋರಿಸಿದೆವು. ಅರ್ಧ ಜನಕ್ಕೆ ಕನ್ನಡಕ ಬಂತು, ಬೀಜ ಹಾಗೆಯೇ ಉಳಿಯಿತು. ದೀಪ ಬದಲಾಯಿಸಿದೆವು. ಸೂಪರ್‌ವೈಸರ್ ಇನ್ನೂ ಹೆಚ್ಚು ಹೊತ್ತು ಬೆನ್ನ ಹಿಂದೆ ನಡೆದಾಡುವ ಹಾಗೆ ಮಾಡಿದೆವು. ಅದರಿಂದ ಇನ್ನೂ ಕೆಟ್ಟಿತು. ಹೆಂಗಸರು ಒಬ್ಬೊಬ್ಬರಾಗಿ ಹೋಮ್‌ಸ್ಟೇಗಳ ಕೆಲಸಕ್ಕೆ ಹೋಗತೊಡಗಿದರು. ಕುರ್ಚಿ ಬಿಟ್ಟು ಯಾಕಮ್ಮ ಹೋಗ್ತೀರಿ ಎಂದು ಕೇಳಿದರೆ, ಬರ್ತೇವೆ ರೈಟ್ರೇ ಎಂದು ಹೊರಟುಬಿಡುತ್ತಿದ್ದರು.

ಕೊನೆಗೆ ಕಮಿಟಿ ತೀರ್ಮಾನಕ್ಕೆ ಬಂತು. ಬಣ್ಣ ನೋಡಿ ಬೀಜ ಆರಿಸುವ ಮಿಷನ್ನು ಬಂದಿದೆಯಂತೆ. ಇನ್ನೊಂದು ಲೋಡು ನೋಡುವುದು. ಅದೂ ವಾಪಸು ಬಂದರೆ ಮಿಷನ್ನು ತರಿಸಿ, ಹೆಂಗಸರನ್ನೆಲ್ಲ ಮನೆಗೆ ಕಳಿಸುವುದು. ಎಲ್ಲರೂ ಆಗಲಿ ಎಂದರು. ನಾನು ಬೋಂಡ ತರಿಸಿದೆ, ಆದರೆ ನನ್ನ ಪಾಲನ್ನು ತಟ್ಟೆಯಲ್ಲೇ ಬಿಟ್ಟೆ. ಈ ಸುದ್ದಿಯನ್ನು ಶೆಡ್ಡಿನಲ್ಲಿ ಹೇಳಬೇಕಾದವನು ನಾನು. ಹೇಳಿದೆ. ಜಾನಕಕ್ಕ ತನ್ನ ಕೈಯನ್ನೇ ನೋಡಿಕೊಂಡು, "ನಂಗೆ ಬೇರೆ ಕೆಲಸ ಗೊತ್ತಿಲ್ಲೆ ರೈಟ್ರೇ" ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಇಂಥ ಹೊತ್ತಿನಲ್ಲಿ ಹೇಮಾವತಿ ಬಂದಳು. ಬಿಟ್ಟಂಗಾಲದ ಹುಡುಗಿ, ಅಪ್ಪ ಶಾಲೆಯ ಮೇಷ್ಟ್ರು. ಮಾನವಶಾಸ್ತ್ರದಲ್ಲಿ ಎಂ.ಎ. ಮಾಡಿ, ಅದರ ಮೇಲೆ ಸಂಶೋಧನೆಯನ್ನೂ ಮಾಡಿ, ಊರಿಗೆ ಬಂದು ಕೂತಿದ್ದಳು. ಅದು ಓದಿದರೆ ಎಂಥ ಕೆಲಸ ಸಿಗುತ್ತದೆ ಎನ್ನುವ ಪ್ರಶ್ನೆಗೆ ಉತ್ತರ ಹೇಳಲಾರದೆ ಅವಳ ಅಪ್ಪ ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದರಂತೆ. ಅವಳಿಗೆ ಪಾಠ ಹೇಳಿದ ಮೇಷ್ಟ್ರೊಬ್ಬರು ಬೋಪಯ್ಯನವರ ಸ್ನೇಹಿತರು. ಜನ ಸೇರಿ ಕೆಲಸ ಮಾಡುವ ಜಾಗದಲ್ಲಿ ಈ ವಿದ್ಯೆ ಉಪಯೋಗಕ್ಕೆ ಬರುತ್ತದೆ, ಎರಡು ತಿಂಗಳು ನಿಮ್ಮ ಶೆಡ್ಡಿನಲ್ಲಿ ಇರಲಿ ಎಂದು ಹೇಳಿ ಕಳಿಸಿದ್ದರು. ಬೋಪಯ್ಯನವರು ನನ್ನನ್ನು ಬದಿಗೆ ಕರೆದು, ನಮಗೆ ಬೇಕಾದ್ದು ಮಿಷನ್ನು ತಿಳಿದವರು, ಕತೆ ಬರೆಯುವವರಲ್ಲ, ಆದರೂ ಅವಳು ಕೇಳುವುದು ಮಧ್ಯಾಹ್ನದ ಊಟ ಮಾತ್ರ, ಇರಲಿ ಬಿಡಿ ಎಂದರು. ನಾನೂ ಹಾಗೇ ಅಂದುಕೊಂಡೆ.

ಎರಡು ದಿನ ಅವಳು ಪ್ರಶ್ನೆ ಕೇಳಿದಳು. ನೀವು ಈ ಕೆಲಸ ಹೇಗೆ ಕಲಿತಿರಿ? ಇದರಲ್ಲಿ ಕಲಿಯೋದು ಎಂತ ಉಂಟು, ನೋಡಿದ್ರೆ ಗೊತ್ತಾಗ್ತದೆ ಎಂದರು ಎಲ್ಲರೂ. ಯಾರು ಕಲಿಸಿದರು? ಯಾರೂ ಇಲ್ಲ. ಮೊದಲಿಗೂ ಈಗಕ್ಕೂ ಏನು ವ್ಯತ್ಯಾಸ? ಈಗ ಕುರ್ಚಿ ಉಂಟು. ಅವಳನ್ನು ಆರೋಗ್ಯ ಇಲಾಖೆಯವಳೆಂದು ತಿಳಿದು ಒಬ್ಬಳು ತನ್ನ ಸೊಂಟನೋವನ್ನೂ ಹೇಳಿಕೊಂಡಳು. ಮೂರನೆಯ ದಿನದಿಂದ ಹೇಮಾವತಿ ಕೇಳುವುದನ್ನು ನಿಲ್ಲಿಸಿದಳು. ಮೂಲೆಯ ಖಾಲಿ ಮೇಜಿಗೆ ಹೋಗಿ ಕೂತು, ತಾನೂ ಒಂದು ತಟ್ಟೆ ಬೀಜ ತೆಗೆದುಕೊಂಡು ಆರಿಸತೊಡಗಿದಳು. ಕೆಟ್ಟದಾಗಿ ಆರಿಸುತ್ತಿದ್ದಳು. ಸೋತು ಸುಮ್ಮನಾದಳಲ್ಲ ಪಾಪ ಎಂದು ನನಗೆ ಕನಿಕರವಾಯಿತು. ಊಟದ ಹೊತ್ತಿಗೆ ಹೆಂಗಸರ ಜೊತೆ ಶೆಡ್ಡಿನ ಹಿಂದಿನ ಜಗಲಿಗೆ ಹೋಗಿಬಿಡುತ್ತಿದ್ದಳು.

ಒಂದು ದಿನ ಅವಳು ನನ್ನ ಹತ್ತಿರ ಬಂದು, "ರೈಟ್ರೇ, ಇವರ ಬಲಗೈ ಆಗಾಗ ಎಡಗಡೆಗೆ ಹೋಗಿ, ಏನೂ ಮಾಡದೆ ವಾಪಸ್ ಬರ್ತದೆ. ನೀವು ನೋಡಿದ್ದೀರಾ?" ಎಂದು ಕೇಳಿದಳು. ನೊಣ ಓಡಿಸುತ್ತಿರಬಹುದು ಎಂದೆ. ಅವಳು ನಗಲಿಲ್ಲ. ಎಲ್ಲರ ಕೈಯೂ ಒಂದೇ ಕಡೆಗೆ ಯಾಕೆ ಹೋಗಬೇಕು ಎಂದು ಕೇಳಿದಳು. ಅವಳು ಹೋದ ಮೇಲೆ ನಾನೂ ಕಿಟಕಿಯಿಂದ ಇಣುಕಿ ನೋಡಿದೆ. ನಿಜ. ಒಬ್ಬಳು ಬೀಜ ಹಿಡಿದು, ತಿರುಗಿಸಿ ನೋಡಿ, ಕೈಯನ್ನು ಎದೆಯ ಮುಂದೆ ಎಡಕ್ಕೆ ಒಯ್ದಳು. ಅಲ್ಲಿ ಸೂಪರ್‌ವೈಸರ್ ನಡೆಯುವ ಖಾಲಿ ಜಾಗ. ಕೈ ಹಿಂದಕ್ಕೆ ಬಂತು. ಬೀಜ ಯಾವುದೋ ಒಂದು ಡಬ್ಬಕ್ಕೆ ಬಿತ್ತು. ಇಷ್ಟು ವರ್ಷ ಅದೇ ಶೆಡ್ಡಿನಲ್ಲಿದ್ದ ನನಗೆ ಅದರ ಅರ್ಥ ಮಾತ್ರ ಹೊಳೆಯಲಿಲ್ಲ.

ಅದೇ ವಾರ ಸಂಜೆ ಗೇಟಿನಲ್ಲಿ ಗಲಾಟೆಯಾಯಿತು. ಮೇಜುಗಳು ಬಂದ ಮೇಲೆ ಕೆಲಸಕ್ಕೆ ಸೇರಿದ ಸೆಲ್ವಿ ಎಂಬ ಹುಡುಗಿ, ಎಲ್ಲರಿಗಿಂತ ಚಿಕ್ಕವಳು, ದುಪಟ್ಟಾದ ತುದಿಯಲ್ಲಿ ಗಂಟು ಹಾಕಿಕೊಂಡು ಹೋಗುತ್ತಿದ್ದಳು. ವಾಚ್‌ಮನ್ ಬಿಚ್ಚಿಸಿದ. ಒಳಗೆ ಒಂದು ಹಿಡಿ ಕಾಫಿ ಬೀಜ. ಹುಡುಗಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಬೋಪಯ್ಯನವರಿಗೆ ಫೋನಿನಲ್ಲಿ ವಿಷಯ ತಲುಪಿತು. ಲೋಡು ಯಾಕೆ ಕೆಡುತ್ತಿದೆ ಎಂದು ಈಗ ಗೊತ್ತಾಯಿತಲ್ಲ, ಇವರು ಸೇಡಿಗೆ ಬಿದ್ದು ಕದಿಯುತ್ತಿದ್ದಾರೆ, ನಾಳೆ ನಾನೇ ಬರುತ್ತೇನೆ, ಅವಳನ್ನು ತೆಗೆದುಹಾಕಿ, ಮಿಷನ್ನಿಗೆ ಈಗಲೇ ಹೇಳಿ ಎಂದರು. ಇನ್ನೊಂದು ಲೋಡಿನ ಅವಕಾಶವೂ ಹೋಯಿತು.

ಮಾರನೆಯ ದಿನ ಅವರು ಬಂದಾಗ ಹೇಮಾವತಿ ಅವರ ಮುಂದೆ ನಿಂತಳು. ನನಗೆ ಮಧ್ಯಾಹ್ನದವರೆಗೆ ಟೈಮ್ ಕೊಡಿ ಎಂದಳು. ಯಾಕೆ ಎಂದರೆ, ನನಗೆ ಒಂದು ವಿಷಯ ಗೊತ್ತಿದೆ, ಆದರೆ ಅದು ಈ ಹೆಂಗಸರದ್ದು, ಅವರನ್ನು ಕೇಳದೆ ನಾನು ಹೇಳುವ ಹಾಗಿಲ್ಲ, ಅದು ನಮ್ಮ ವಿದ್ಯೆಯ ನಿಯಮ ಎಂದಳು. ಬೋಪಯ್ಯನವರಿಗೆ ವಿದ್ಯೆಗೂ ನಿಯಮ ಇರುತ್ತದೆ ಎಂದು ಕೇಳಿ ಆಶ್ಚರ್ಯವಾಯಿತೋ ಏನೋ, ಕುರ್ಚಿ ಎಳೆದುಕೊಂಡು ಕೂತರು. ಅವಳು ಒಳಗೆ ಹೋಗಿ ಜಾನಕಕ್ಕನ ಹತ್ತಿರ ಅರೆಭಾಷೆಯಲ್ಲಿ ಏನೋ ಮಾತಾಡಿದಳು. ಜಾನಕಕ್ಕ ಉಳಿದವರ ಮುಖ ನೋಡಿದಳು. ಕೊನೆಗೆ "ಆಕು, ಹೇಳು" ಎಂದದ್ದು ನನಗೂ ಕೇಳಿಸಿತು.

ಊಟದ ಹೊತ್ತಿಗೆ ಹೇಮಾವತಿ ನಮ್ಮಿಬ್ಬರನ್ನೂ ಹಿಂದಿನ ಜಗಲಿಗೆ ಕರೆದುಕೊಂಡು ಹೋದಳು. ಹೆಂಗಸರು ನೆಲದ ಮೇಲೆ ಸುತ್ತಾಗಿ ಕೂತಿದ್ದರು. ಟಿಫಿನ್ ಡಬ್ಬಗಳು ಖಾಲಿಯಾಗಿದ್ದವು. ನಮ್ಮನ್ನು ಕಂಡು ಯಾರೂ ಏಳಲಿಲ್ಲ, ಹೇಮಾವತಿ ಹಾಗೆ ಹೇಳಿದ್ದಳಂತೆ. ನಮಗೂ ಸುತ್ತಿನಲ್ಲೇ ಜಾಗ ಮಾಡಿದರು. ಬೋಪಯ್ಯನವರದು ಪಂಚೆಯಲ್ಲ, ಪ್ಯಾಂಟು. ಕೂರುವುದೇ ಒಂದು ಕಾರ್ಯಕ್ರಮವಾಯಿತು. ಅವರ ಎಡಕ್ಕೆ ನಾನು, ನನ್ನ ಎಡಕ್ಕೆ ಜಾನಕಕ್ಕ.

ಆಗ ಹೇಮಾವತಿ ಸೆಲ್ವಿಯ ಗಂಟಿನಿಂದ ತೆಗೆದ ಬೀಜಗಳಲ್ಲಿ ಒಂದನ್ನು ಬೋಪಯ್ಯನವರ ಅಂಗೈಯಲ್ಲಿ ಇಟ್ಟು, ಇದು ಒಳ್ಳೆಯದೋ ಕೆಟ್ಟದೋ ಹೇಳಿ ಸರ್ ಎಂದಳು. ಬೋಪಯ್ಯನವರು ಎಂದಿನ ಹಾಗೆ ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತಿತು. ಬೀಜ ತೀರಾ ಹಸಿರಲ್ಲ, ತೀರಾ ಕಂದಲ್ಲ. ಒಂದು ಪಕ್ಕದಲ್ಲಿ ಚುಕ್ಕೆಯೊಂದು ಇದ್ದ ಹಾಗೂ ಇದೆ, ಇಲ್ಲದ ಹಾಗೂ ಇದೆ. ತಿರುಗಿಸಿದರು. ಬೆಳಕಿಗೆ ಹಿಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಆಮೇಲೆ ಅವರ ಬಲಗೈ, ನಾನು ಕಣ್ಣಾರೆ ಕಂಡೆ, ಎದೆಯ ಮುಂದೆ ಹಾದು ಎಡಗಡೆಗೆ ಬಂತು. "ನೀವು ನೋಡಿ ರೈಟ್ರೇ" ಎಂದರು.

ನಾನು ಬಲಗೈ ಚಾಚಿ ತೆಗೆದುಕೊಂಡೆ. ನೋಡಿದೆ. ದೇವರಾಣೆ ನನಗೂ ಗೊತ್ತಾಗಲಿಲ್ಲ. ಏನು ಮಾಡುವುದು? ಜಾನಕಕ್ಕನ ಕೈ ಆಗಲೇ ಚಾಚಿಕೊಂಡು ಕಾಯುತ್ತಿತ್ತು. ಕೊಟ್ಟೆ. ಅವಳು ನೋಡಿ ಮುಂದಕ್ಕೆ ಕೊಟ್ಟಳು. ಅವಳ ಪಕ್ಕದವಳು ಮೂಗಿಗೆ ಹಿಡಿದು ಮುಂದಕ್ಕೆ ಕೊಟ್ಟಳು. ಬೀಜ ಹೀಗೆ ಸುತ್ತು ಹಾಕುತ್ತ ಹೋಯಿತು. ಒಬ್ಬಳು ತಲೆ ಅಲ್ಲಾಡಿಸಿದಳು, ಅದರ ಆಚೆಯವಳೂ ಅಲ್ಲಾಡಿಸಿದಳು, ಇನ್ನೊಬ್ಬಳು ಉಗುರಿನಲ್ಲಿ ಒತ್ತಿ ತಮಿಳಿನಲ್ಲಿ ಏನೋ ಅಂದಳು. ಬೀಜ ಸೆಲ್ವಿಯ ಕೈಗೆ ಬರುವ ಹೊತ್ತಿಗೆ ತೀರ್ಪು ಆಗಿಹೋಗಿತ್ತು. ಅವಳು ಅದನ್ನು ಕೆಟ್ಟದ್ದರ ಕಡೆಗೆ ಹಾಕಿದಳು. ಯಾರು ತೀರ್ಪು ಕೊಟ್ಟರು ಎಂದು ಕೇಳಿದರೆ ಹೇಳಲು ಸಾಧ್ಯವಿಲ್ಲ.

"ಇಷ್ಟೇ ಸರ್ ಕಳ್ಳತನ" ಎಂದಳು ಹೇಮಾವತಿ. ಗೊತ್ತಾಗದ ಬೀಜವನ್ನು ಈ ಹೆಂಗಸರು ಯಾವತ್ತೂ ಒಬ್ಬರೇ ತೀರ್ಮಾನ ಮಾಡಿದವರಲ್ಲ, ಪಕ್ಕದವಳಿಗೆ ಕೊಡುತ್ತಿದ್ದರು. ಬಲಗೈಯಲ್ಲೇ ಕೊಡಬೇಕು, ಬಲಗೈಯಲ್ಲೇ ತೆಗೆದುಕೊಳ್ಳಬೇಕು. ಎಡಗೈಯಲ್ಲಿ ಕೊಟ್ಟರೆ ಅವಮರ್ಯಾದೆ. ಸುತ್ತಾಗಿ ಕೂತಾಗ ನಮ್ಮ ಎಡಗಡೆಯವರ ಬಲಗೈಯೇ ನಮಗೆ ಹತ್ತಿರ. ಅದಕ್ಕೇ ಬೀಜ ಯಾವಾಗಲೂ ಎಡಕ್ಕೆ ಹೋಗುತ್ತಿತ್ತು. ಯಾರೂ ಮಾಡಿದ ನಿಯಮವಲ್ಲ, ಆದ್ದರಿಂದ ಕೇಳಿದಾಗ ಯಾರಿಗೂ ಹೇಳಲು ಬರಲಿಲ್ಲ. ಮೇಜುಗಳು ಬಂದ ಮೇಲೆ ಕೈ ಚಾಚಿದರೆ ಅಲ್ಲಿ ಯಾರೂ ಇಲ್ಲ. ಗೊತ್ತಾಗದ್ದು ಅಂದಾಜಿನ ಮೇಲೆ ಯಾವುದೋ ಡಬ್ಬಕ್ಕೆ ಬೀಳುತ್ತಿತ್ತು. ಕೈಲಾದಷ್ಟನ್ನು ಮಾತ್ರ ಸೆರಗಿನಲ್ಲಿ, ದುಪಟ್ಟಾದಲ್ಲಿ ಕಟ್ಟಿಕೊಂಡು ಬಂದು ಊಟದ ಹೊತ್ತಿನಲ್ಲಿ ಇಲ್ಲಿ ಕೇಳಿಕೊಳ್ಳುತ್ತಿದ್ದರು, ಮತ್ತೆ ಒಳಗೆ ತೆಗೆದುಕೊಂಡು ಹೋಗಿ ಹಾಕುತ್ತಿದ್ದರು. ನಿನ್ನೆ ಸೂಪರ್‌ವೈಸರ್ ಜಗಲಿಗೆ ಬಂದು ಕೂತದ್ದರಿಂದ ಸೆಲ್ವಿಯ ಗಂಟು ಬಿಚ್ಚಲು ಆಗಲಿಲ್ಲ, ಸಂಜೆಗೆ ಮರೆತೇಹೋಯಿತು. ಹೇಮಾವತಿ ಇದನ್ನೆಲ್ಲ ಹೇಳಿ, ನಾನು ಇವತ್ತಿಗೂ ಮರೆಯದ ಒಂದು ಮಾತು ಹೇಳಿದಳು.

"ಮೊದಲು ಇಲ್ಲಿ ಗೊತ್ತಿಲ್ಲ ಅಂತ ಹೇಳೋಕೆ ಒಂದು ಜಾಗ ಇತ್ತು ಸರ್. ಬಾಯಿ ಬಿಡೋದೂ ಬೇಡ, ಕೈ ಚಾಚಿದ್ರೆ ಸಾಕಿತ್ತು. ಈಗ ಗೊತ್ತಿಲ್ಲ ಅಂತ ಹೇಳ್ಬೇಕಾದ್ರೆ ಎಲ್ಲರೆದುರು ಎದ್ದು ಸೂಪರ್‌ವೈಸರ್ ಹತ್ರ ಹೋಗ್ಬೇಕು. ನೀವಾದ್ರೆ ಹೋಗ್ತೀರಾ?"

ಬೋಪಯ್ಯನವರ ಹೊಟ್ಟೆ ಅಲ್ಲಾಡತೊಡಗಿತು. ನಗುತ್ತಿದ್ದರು. "ನಾನೂ ಹೋಗ್ಲಿಕ್ಕಿಲ್ಲ ಮಾರಾಯ್ತಿ" ಎಂದರು. ಸೆಲ್ವಿಯನ್ನು ಕರೆದು ಅವಳ ಗಂಟನ್ನು ತಾವೇ ಅವಳ ಕೈಗೆ ಕೊಟ್ಟರು, ಬಲಗೈಯಲ್ಲಿ. ಹುಡುಗಿ ಅತ್ತೇಬಿಟ್ಟಳು. ಜಾನಕಕ್ಕ ಮಾತ್ರ, ಇದರಲ್ಲಿ ಅಳೋದು ಎಂತ ಎಂದು ಗದರಿಸಿ ತನ್ನ ಟಿಫಿನ್ ಡಬ್ಬ ತೊಳೆಯಲು ಎದ್ದಳು.

ಮಿಷನ್ನು ಸದ್ಯಕ್ಕೆ ಬೇಡ, ಆ ಕೊನೆಯ ಲೋಡು ನೋಡೇಬಿಡೋಣ ಎಂದರು ಬೋಪಯ್ಯನವರು. ಮತ್ತೆ ನೆಲಕ್ಕೆ ಕೂರಿಸಿದರಾಯಿತು ಎಂದು ನೀವು ಅಂದುಕೊಳ್ಳಬಹುದು. ನಾನೂ ಅಂದುಕೊಂಡೆ. ಹೆಂಗಸರು ಸುತಾರಾಂ ಒಪ್ಪಲಿಲ್ಲ. ಕುರ್ಚಿ ಬಿಡುವುದಿಲ್ಲ ಎಂದರು. ನೋಯುವ ಮಂಡಿ ಅವರದಲ್ಲವೆ? ಹೇಮಾವತಿಯೂ ಅವರ ಕಡೆಗೇ. ಹಳೆಯದೆಲ್ಲ ಒಳ್ಳೆಯದು ಎಂದು ತಾನು ಎಲ್ಲಿ ಹೇಳಿದೆ ಎಂದು ನನ್ನನ್ನೇ ಕೇಳಿದಳು. ಕೊನೆಗೆ ಆಚಾರಿಯನ್ನು ಕರೆಸಿದೆವು. ಅವನು ಬಂದು ಮೈಸೂರಿನಿಂದ ತಂದ ನನ್ನ ಬಿಳಿ ಮೇಜುಗಳನ್ನು ಒಂದರ ಪಕ್ಕ ಒಂದು ಇಟ್ಟು ಅಳತೆ ಮಾಡಿ, ಗರಗಸ ತೆಗೆದ. ಮೊದಲ ಮೇಜು ಕೊಯ್ಯುವಾಗ ನಾನು ಹಲಸಿನ ಮರದ ಕೆಳಗೆ ಹೋಗಿ ನಿಂತುಕೊಂಡೆ. ಸಂಜೆ ಒಳಗೆ ಬಂದರೆ ಶೆಡ್ಡಿನ ನಡುವೆ ಬಳೆಯ ಹಾಗೆ ದುಂಡನೆಯ ದೊಡ್ಡ ಮೇಜು. ನಡುವಿನ ಖಾಲಿಯಲ್ಲಿ ಎತ್ತರದ ಹಲಗೆ, ಅದರ ಮೇಲೆ ರಾಶಿ. ಸುತ್ತಲೂ ಕುರ್ಚಿ, ಕುರ್ಚಿಗೆ ಕುರ್ಚಿ ತಾಗುವ ಹಾಗೆ. ನಂಬರುಗಳನ್ನು ಆಚಾರಿ ಉಜ್ಜಿ ತೆಗೆದಿದ್ದ.

ಸೆಲ್ವಿಯನ್ನು ಎಲ್ಲಿ ಕೂರಿಸುವುದು ಎಂದು ಕೇಳುವ ಮೊದಲೇ ಜಾನಕಕ್ಕ ಅವಳನ್ನು ತನ್ನ ಎಡಗಡೆಗೆ ಎಳೆದು ಕೂರಿಸಿಕೊಂಡಳು. ಹೇಮಾವತಿ ಮೊಣಕೈಯಲ್ಲಿ ನನ್ನನ್ನು ತಿವಿದಳು. ನೋಡುತ್ತ ನಿಂತೆ. ಜಾನಕಕ್ಕ ಎಲ್ಲರಿಗಿಂತ ಹೆಚ್ಚು ಬೀಜಗಳನ್ನು ಪಕ್ಕಕ್ಕೆ ಕೊಡುತ್ತಿದ್ದಳು. ಅಷ್ಟು ವರ್ಷ ಮಾಡಿದವಳಿಗೆ ಅಷ್ಟೊಂದು ಅನುಮಾನವೆ? ಅಲ್ಲ, ಚಿಕ್ಕವಳ ಕೈಗೆ ಬರಲಿ ಎಂದು. ಆಮೇಲೆ ಕೇಳಿದರೆ, ನಾನು ಎಲ್ಲಿ ಕೊಟ್ಟೆ, ನಿಮಗೆ ಮರುಳು ಎಂದಳು. ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಮ್ಮ ಕೈ ಏನು ಮಾಡುತ್ತದೆ ಎಂದು ನಮಗೇ ತೋರಿಸಿಕೊಡಲು ಒಬ್ಬರು ಬೇಕು, ಅದಕ್ಕೂ ಓದಬೇಕು ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಆಗ.

ಶೆಡ್ಡಿನಲ್ಲಿ ಗಲಾಟೆ ಮತ್ತೆ ಶುರುವಾಯಿತು. ನಾನು ಮತ್ತೆ ಫೋನಿಗೆ ಹಲಸಿನ ಮರದ ಕೆಳಗೆ ಹೋದೆ. ಇಷ್ಟು ಸಂತೋಷದಿಂದ ಯಾವತ್ತೂ ಹೋಗಿರಲಿಲ್ಲ.

ಲೋಡು ಹೋಯಿತು. ಮಂಗಳೂರಿನಿಂದ ಸುದ್ದಿ ಬರುವವರೆಗೆ ಬೋಪಯ್ಯನವರು ದಿನಾ ಶೆಡ್ಡಿಗೆ ಬಂದು, ಕೆಲಸವಿಲ್ಲದಿದ್ದರೂ ನನ್ನ ಎದುರು ಕೂತು, ಹೊಳೆಯ ನೀರು ನೋಡಿ ಹೋಗುತ್ತಿದ್ದರು. ಫೋನು ಬಂದ ದಿನ ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮರದ ಕೆಳಗಿನಿಂದ ಒಳಗೆ ಓಡಿದೆ. ಬೋಪಯ್ಯನವರು ಸ್ಪೀಕರ್ ಹಾಕಿ ಎಂದರು. ದುಂಡು ಮೇಜಿನ ಮೇಲೆ ಫೋನು ಇಟ್ಟೆ. ಗದ್ದಲ ನಿಂತಿತು. ಆ ಕಡೆಯವರು, ಪಾಸಾಗಿದೆ, ಈ ವರ್ಷ ಯಾರ ಹತ್ತಿರದಿಂದಲೂ ಇಷ್ಟು ಚೊಕ್ಕ ಬೀಜ ಬಂದಿಲ್ಲ, ಮುಂದಿನದನ್ನೂ ನಮಗೇ ಕೊಡಿ ಎಂದರು. ಆಮೇಲೆ ಎದ್ದ ಸದ್ದಿಗೆ ಫೋನಿನ ಆ ಕಡೆಯವರು ಹೆದರಿ ಹಲೋ ಹಲೋ ಎನ್ನುತ್ತಿದ್ದರು. ನಾಲ್ಕು ಭಾಷೆಯಲ್ಲ, ಅದಕ್ಕೆ ಭಾಷೆಯೇ ಇರಲಿಲ್ಲ. ಸೆಲ್ವಿ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಬೋಪಯ್ಯನವರು ಹೇಮಾವತಿಯ ತಲೆಯ ಮೇಲೆ ಕೈಯಿಟ್ಟು ಮೂಗು ಒರೆಸಿಕೊಂಡರು. ಜಾನಕಕ್ಕ ನನ್ನ ಕಡೆ ತಿರುಗಿ, "ನೋಡ್ತಾ ನಿಂತ್ರೆ ಆಕಾ ರೈಟ್ರೇ? ಮುಂದಿನ ರಾಶಿ ಹಾಕ್ಸಿ" ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು, ನಾನು ನೋಡಿದೆ.

ಮಿಷನ್ನಿನ ಮಾತು ಅಲ್ಲಿಗೆ ಮುಗಿಯಿತು. ಆದರೆ ನನಗೆ ಅದಕ್ಕಿಂತ ದೊಡ್ಡ ಗೆಲುವು ಕಂಡದ್ದು ಆಮೇಲಿನ ಕಮಿಟಿ ಮೀಟಿಂಗಿನಲ್ಲಿ. ಹೇಮಾವತಿ ಹೊರಡುವ ಮುಂಚೆ, ನಿಮ್ಮ ಮೀಟಿಂಗಿನಲ್ಲೂ ಮೇಜುಗಳು ಸಾಲಾಗಿಯೇ ಇವೆ ಎಂದಷ್ಟೇ ಹೇಳಿ ಹೋಗಿದ್ದಳು. ಅವತ್ತು ಒಣಗಿಸುವ ಕಣದ ವಿಷಯ ಬಂತು. ಎಲ್ಲರೂ ಪ್ರೆಸಿಡೆಂಟರ ಮುಖ ನೋಡಿದರು. ಬೋಪಯ್ಯನವರು ಬಾಯಿ ತೆರೆದರು, ಮುಚ್ಚಿದರು, ತಮ್ಮ ಎಡಗಡೆಯವರ ಕಡೆಗೆ ಬಲಗೈ ಚಾಚಿ, "ಇದು ನಂಗೆ ಗೊತ್ತಾಗ್ತಾ ಇಲ್ಲ. ನೀವು ಹೇಳಿ" ಎಂದರು. ಆ ಸದಸ್ಯರು ಕಮಿಟಿಗೆ ಬಂದಾಗಿನಿಂದ ಆಗಲಿ ಎನ್ನುವುದರ ಹೊರತು ಬೇರೇನೂ ಹೇಳಿದವರಲ್ಲ. ಗಾಬರಿಯಿಂದ ಎರಡು ಸಲ ಕೆಮ್ಮಿ, ಮಾತು ಶುರು ಮಾಡಿದರು ನೋಡಿ, ನಿಲ್ಲಿಸುವುದೇ ಕಷ್ಟವಾಯಿತು. ಜೀಪಿನ ಹತ್ತಿರ ಆಗಬೇಕಾದ ಮಾತೆಲ್ಲ ಒಳಗೇ ಆಯಿತು. ಬೋಂಡ ಆರಿಹೋಯಿತು, ಯಾರೂ ಕೇಳಲಿಲ್ಲ.

ಹೇಮಾವತಿಗೆ ಈಗ ಪುರುಸೊತ್ತಿಲ್ಲ. ಪಾಳಿ ಬದಲಾಗುವಾಗ ನರ್ಸುಗಳ ನಡುವೆ ಮಾತು ತಪ್ಪಿಹೋಗುತ್ತದೆ ಎಂದು ಒಂದು ಆಸ್ಪತ್ರೆಯವರು ಕರೆಯುತ್ತಾರೆ, ಹೊಸಬರು ನಿಲ್ಲುವುದಿಲ್ಲ ಎಂದು ಒಂದು ಕಾರ್ಖಾನೆಯವರು ಕರೆಯುತ್ತಾರೆ. ಅವಳು ಹೋಗಿ ಅವರ ನಡುವೆ ಕೂರುತ್ತಾಳೆ. ಅವಳ ಅಪ್ಪ ಈಗ ಕರೆಯದ ಮದುವೆಗೂ ಹೋಗುತ್ತಾರೆ ಎಂದು ಬೋಪಯ್ಯನವರು ತಮಾಷೆ ಮಾಡುತ್ತಾರೆ. ಬೋಪಯ್ಯನವರೇನು ಕಡಿಮೆಯೆ? ಕಂಡಕಂಡವರಿಗೆಲ್ಲ ಮಕ್ಕಳಿಗೆ ಮಾನವಶಾಸ್ತ್ರ ಓದಿಸಿ ಎಂದು ಸಲಹೆ ಕೊಡುತ್ತ ತಿರುಗುತ್ತಿದ್ದಾರೆ. ಎಲ್ಲದಕ್ಕೂ ಉತ್ತರ ಕೊಡುವ ಅಭ್ಯಾಸ ಪೂರ್ತಿ ಹೋಗುವುದುಂಟೆ?

ಇವತ್ತು ಅವಳು ಎಲ್ಲೆಲ್ಲಿಯದೋ ಸಂಸ್ಥೆಗಳ ದೊಡ್ಡ ದೊಡ್ಡ ಅಧಿಕಾರಿಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ನಮ್ಮ ಶೆಡ್ಡಿಗೆ ಬರುತ್ತಿದ್ದಾಳೆ. ಸೆಲ್ವಿ ಈಗ ಅಲ್ಲಿ ಹೊಸಬರನ್ನು ತನ್ನ ಎಡಗಡೆಗೆ ಕೂರಿಸಿಕೊಳ್ಳುತ್ತಾಳಂತೆ. ಅದನ್ನೆಲ್ಲ ತೋರಿಸುವ ಮೊದಲು ನಾನು ನಾಲ್ಕು ಮಾತು ಆಡಬೇಕಂತೆ. ಅದೇ ಭಾಷಣ.

ಇಷ್ಟು ಹೇಳುವಷ್ಟರಲ್ಲಿ ಮೊರದ ಅಕ್ಕಿ ಮುಗಿದಿದೆ. ಆ ಒಂದು ಕಾಳು ಮಾತ್ರ ಇನ್ನೂ ಬೆರಳುಗಳ ನಡುವೆ ಇದೆ. ಹೆಂಡತಿ ಮೊರ ಒಯ್ಯಲು ಬಂದವಳು, ನನ್ನ ಮುಖ ನೋಡಿ, ಯಾಕೋ ಪಕ್ಕದಲ್ಲಿ ಕೂತಳು. ಕೂತದ್ದು ಎಡಗಡೆಗೆ. ಮದುವೆಯಾಗಿ ಇಷ್ಟು ವರ್ಷವಾಯಿತು, ಮನೆಯಲ್ಲಿ ನಾನು ಯಾವುದಕ್ಕಾದರೂ ಗೊತ್ತಿಲ್ಲ ಎಂದದ್ದು ನನಗೆ ನೆನಪಿಲ್ಲ. ಬೋಪಯ್ಯನವರನ್ನು ನೋಡಿ ಸುಮ್ಮನೆ ನಗುತ್ತಿದ್ದೆ. ಬಲಗೈ ಚಾಚಿದೆ. "ನಂಗೆ ಗೊತ್ತಾಗ್ತಿಲ್ಲ. ನೀನು ನೋಡು" ಎಂದೆ.

ಅವಳು ನನ್ನನ್ನು ಒಂದು ಸಲ, ಕಾಳನ್ನು ಒಂದು ಸಲ ನೋಡಿದಳು. ಬೆಳಕಿಗೆ ಹಿಡಿದಳು. ಸೆರಗಿನಲ್ಲಿ ಒರೆಸಿದಳು. ಮುಖದಲ್ಲಿ ನಗು ಬಂದು ನಿಂತಿತ್ತು. "ನಂಗೂ ಗೊತ್ತಾಗ್ತಿಲ್ಲ" ಎಂದು ಅದನ್ನು ನನ್ನ ಅಂಗೈಗೇ ವಾಪಸು ಹಾಕಿದಳು. "ಮುಂದಕ್ಕೆ ಕೊಡಿ."

ಗೇಟಿನ ಹತ್ತಿರ ಜೀಪು ಹಾರನ್ ಹೊಡೆಯುತ್ತಿದೆ. ಕಾಳನ್ನು ಅಂಗಿಯ ಜೇಬಿಗೆ ಹಾಕಿಕೊಂಡಿದ್ದೇನೆ. ಭಾಷಣದ ಮೊದಲ ಮಾತು ಸಿಕ್ಕಿತು. ಬಂದವರಲ್ಲಿ ಎಲ್ಲರಿಗಿಂತ ದೊಡ್ಡ ಅಧಿಕಾರಿ ಯಾರೋ ಅವರ ಬಲ ಅಂಗೈಯಲ್ಲಿ ಇದನ್ನಿಟ್ಟು, ಅಕ್ಕಿಯೋ ಕಲ್ಲೋ ಹೇಳಿ ಸ್ವಾಮಿ ಎಂದು ಕೇಳಿ, ಅವರ ಕೈ ಯಾವ ಕಡೆಗೆ ಹೋಗುತ್ತದೆ ಎಂದು ನೋಡುತ್ತ ನಿಂತುಕೊಳ್ಳುತ್ತೇನೆ.